ಸಹಾಯ ಬೇಕು: ಗಾಲ್ಫ್ ಕ್ಲಬ್ (ಚೆಂಡು ಹೊಡಿಯೂ ಕೋಲು) ಕತ್ತರಿಸಿ ಹುಡುಗ್ಯಾರಿಗೆ ಕೊಡಬೌದೇನ್ರಿ?

ನಮಸ್ಕಾರ್ರಿ ಎಲ್ಲಾರಿಗೂ. ಧಾರವಾಡದ ಹತ್ರ ಒಂದು ಸಾಲಿಯೊಳಗ ಪಿ.ಟಿ. ಮಾಸ್ತರ ಅದೀನಿ. 2021ರ ಟೋಕಿಯೋ ಒಲಿಂಪಿಕ್ಸ್‌ನ್ಯಾಗ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್‌ನ್ಯಾಗ ನಾಲ್ಕನೇ ಸ್ಥಾನ ಬಂದಿದ್ದ ವಿಡಿಯೋ ತೋರಿಸಿದೆ ನೋಡ್ರಿ, ಆರನೇತ್ತೆ ಹುಡುಗ್ಯಾರು ನಮಗೂ ಕಲಸ್ರಿ ಅಂತ ಬೆನ್ನು ಹತ್ತ್ಯಾರ. ಸಾಹುಕಾರ್ರ ಆಟ ಅಂತ ಮೂಗು ಮುರದ ಪಾಲಕರು ಈಗ ಸಂಜೀಕ ಕಂಪೌಂಡ್ ಮ್ಯಾಲೆ ಕುಂತು ನೋಡ್ತಾರ.

ಮೈದಾನ ಅಂದ್ರ ಬರೇ ಕೆಂಪು ಮಣ್ಣು. ತಗಡಿನ ಡಬ್ಬಿ ಹುಗದು ಕುಳಿ ಮಾಡೇವಿ (ಖರೇ ಕುಳಿ 4.25 ಇಂಚು ಅಗಲ, ನಮ್ದು ಸ್ವಲ್ಪ ಧಾರಾಳ). ಹಾಕಿ ಸ್ಟಿಕ್, ಟೆನಿಸ್ ಚೆಂಡಿನ್ಯಾಗ ಪಟಿಂಗ್ (ಚೆಂಡು ಮೆಲ್ಲಕ ಉರುಳಿಸಿ ಕುಳಿಗೆ ಹಾಕೂದು) ಛಲೋ ನಡೀತು.

ಆಮ್ಯಾಲೆ ಪರಿಚಯದವರೊಬ್ರು ಹಳೇ ಐರನ್ ಕ್ಲಬ್ (ಲೋಹದ ಚಪ್ಪಟಿ ತಲಿ ಇರೂವು) ಕೊಟ್ರು, ಎಲ್ಲಾ ದೊಡ್ಡ ಗಂಡಸರ ಅಳತಿವು. ಹುಡುಗ್ಯಾರು ಬೀಸಿದ್ರ ಚೆಂಡಿಗಿಂತ ಮೊದಲ ನೆಲ ಕಿತ್ತು ಬರತೈತಿ. ಕೆಳಗ ಹಿಡಕೋರಿ ಅಂದ್ರ ಮ್ಯಾಲಿನ ತುದಿ ಹೊಟ್ಟಿಗೆ ಚುಚ್ಚತೈತಿ. ವೆಲ್ಡಿಂಗ್ ಅಂಗಡಿಯಾಂವ "ಕೊಡ್ರಿ ಸರ, ಐದು ನಿಮಿಷದ ಕೆಲಸ" ಅಂತಾನ. ಆದ್ರ ಉಕ್ಕಿನ ಶಾಫ್ಟ್ (ಕ್ಲಬ್ಬಿನ ಉದ್ದನ ಕೊಳವಿ) ಗಿಡ್ಡ ಮಾಡಿದ್ರ ಬಾಗದಂಗ ಇನ್ನೂ ಬಿರುಸಾಗತೈತಿ, ಕ್ಲಬ್ಬಿನ ತಲಿ ಭಾರ ಮಾತ್ರ ಹಂಗ ಉಳೀತೈತಿ ಅಂತ ಓದೇನಿ. ಹೊಸಾ ಜೂನಿಯರ್ ಸೆಟ್ ತರೂವಷ್ಟು ಅನುದಾನ ನಮಗೆಲ್ಲಿ!

ಕೇಳೂದಿಷ್ಟ: 11-12 ವರ್ಷದವರಿಗೆ ಇವನ್ನ ಹಿಡಿ ಕಡಿಂದ ಕತ್ತರಿಸಬೌದೇನು, ಎಷ್ಟು ಇಂಚಿನತನಕ? ಇಲ್ಲಾ ಸದ್ಯಕ್ಕ ಪಟಿಂಗ್, ಪ್ಲಾಸ್ಟಿಕ್ ಕ್ಲಬ್ಬಿನ್ಯಾಗ ಮುಂದುವರಸೂದ ಛಲೋನೋ? ಸಣ್ಣ ಮಕ್ಕಳಿಗೆ ಕಲಿಸಿದವರು ಯಾರರ ಇದ್ರ ಹೇಳ್ರಿ.