35 ಲಕ್ಷ ಸಾಲ ಮಾಡಿ ಕ್ವಾಂಟಿಟೇಟಿವ್ ಫೈನಾನ್ಸ್ ಓದಬೇಕಾ?

ಪೆರ್ಲದವಳು

ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಕ್ಷಮಿಸಿ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಪ್ಲಸ್ ಟು ಇಂಗ್ಲಿಷ್, ಆದರೆ ಟೀಚರು ಬಿಡಿಸಿ ಹೇಳುವುದೆಲ್ಲ ಮಲಯಾಳದಲ್ಲಿ. ಈಗ ಮಂಗಳೂರಿನಲ್ಲಿ ಬಿಎಸ್ಸಿ ಕೊನೆಯ ವರ್ಷ. ಗಣಿತ, ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್.

ಹೋದ ಸೆಮಿಸ್ಟರಿನಲ್ಲಿ ಒಂದು ಪ್ರಾಜೆಕ್ಟ್ ಇತ್ತು. ಎಲ್ಲರೂ ಶೇರು ಬೆಲೆ ಡೌನ್‌ಲೋಡ್ ಮಾಡಿಕೊಂಡರು. ನಾನು ಅಪ್ಪನ ಡೈರಿ ತೆಗೆದುಕೊಂಡೆ. ಅವರು 2004ರಿಂದ ಪ್ರತಿ ವಾರ ಅಡಿಕೆ ಧಾರಣೆ ಬರೆದಿಟ್ಟಿದ್ದಾರೆ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು, ಹೀಗೆ ಅಡಿಕೆಯ ಒಂದೊಂದು ತರಕ್ಕೂ ಬೇರೆ ಬೇರೆ ಕಾಲಮ್ಮು. ಎಕ್ಸೆಲ್‌ಗೆ ಹಾಕಿ ಗ್ರಾಫ್ ಎಳೆದಾಗ ಒಂದು ವಿಚಿತ್ರ ಕಂಡಿತು. ಬೆಲೆ ಸುಮ್ನೆ ಇದ್ದರೆ ತಿಂಗಳುಗಟ್ಟಲೆ ಸುಮ್ನೆ ಇರುತ್ತದೆ. ಹಾರಲು ಶುರುವಾದರೆ ಮೇಲೆ ಕೆಳಗೆ ಹಾರುತ್ತಲೇ ಇರುತ್ತದೆ. ಇದು ಯಾಕೆ ಅಂತ ಕೇಳಿದಾಗ ನಮ್ಮ ಮೇಷ್ಟ್ರು, "ಅದು ಮಾಸ್ಟರ್ಸ್‌ನಲ್ಲಿ ಬರುತ್ತದೆ" ಎಂದು ಬಿಟ್ಟರು. ಅಲ್ಲಿಂದ ಈ ಹುಚ್ಚು.

ಈಗ ಬ್ರಿಟನ್ನಿನಿಂದ ಒಂದು ಆಫರ್ ಬಂದಿದೆ. ಕ್ವಾಂಟಿಟೇಟಿವ್ ಫೈನಾನ್ಸ್ ಮತ್ತು ಎಕನಾಮಿಕ್ಸ್, ಒಂದು ವರ್ಷ. ಫೀಸು, ಊಟ, ವಸತಿ ಎಲ್ಲ ಸೇರಿ 35 ಲಕ್ಷ ಆಗುತ್ತದೆ. ನಮಗಿರುವುದು ಎರಡು ಎಕರೆ ತೋಟ. ಅಪ್ಪ "ನೀನು ಓದು, ಉಳಿದದ್ದು ನಾನು ನೋಡ್ತೇನೆ" ಅನ್ನುತ್ತಾರೆ. ನನಗೆ ಹೆದರಿಕೆ ಆಗುವುದೇ ಆ ಮಾತಿಗೆ.

ಇದು ಫೈನಾನ್ಸಾ, ಎಕನಾಮಿಕ್ಸಾ? ಕನ್ನಡ ಮಾಧ್ಯಮದವರಿಗೆ ಹಿಡಿಸುತ್ತದಾ? ಸಾಲ ಮಾಡುವಷ್ಟು ಬೆಲೆ ಇದಕ್ಕೆ ಉಂಟಾ?

ಅಟ್ಟದ ಅಡಿಕೆ

ತಂಗೀ, ನೀನು ಅಂತಲೇ ಬರೆಯುತ್ತೇನೆ. ನಾನು ಮುಳ್ಳೇರಿಯದವಳು. ಚೆನ್ನೈಯ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅಪ್ಲೈಡ್ ಕ್ವಾಂಟಿಟೇಟಿವ್ ಫೈನಾನ್ಸ್ ಎಂಎ ಮಾಡಿದೆ. ಈಗ ಮುಂಬೈಯಲ್ಲಿ ಒಂದು ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿದ್ದೇನೆ.

ಮೊದಲು ನಿನ್ನ ಗ್ರಾಫಿನ ಮಾತು. ನೀನು ಕಂಡದ್ದಕ್ಕೆ ಹೆಸರುಂಟು: ವೊಲಟಿಲಿಟಿ ಕ್ಲಸ್ಟರಿಂಗ್. ನಿನ್ನೆ ಜೋರಾಗಿ ಹಾರಿದ್ದರೆ ಇವತ್ತೂ ಹಾರುವ ಸಂಭವ ಜಾಸ್ತಿ. ಮೇಲಕ್ಕೋ ಕೆಳಕ್ಕೋ ಗೊತ್ತಿಲ್ಲ, ಆದರೆ ಹಾರುತ್ತದೆ. ಇದನ್ನು ಲೆಕ್ಕಕ್ಕೆ ಇಳಿಸುವ ಆರ್ಚ್ ಮಾದರಿಯನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಎಂಗಲ್ 1982ರಲ್ಲಿ ಕೊಟ್ಟರು. ಅವರು ಅದನ್ನು ಮೊದಲು ಹಚ್ಚಿ ನೋಡಿದ್ದು ಶೇರಿಗಲ್ಲ, ಬ್ರಿಟನ್ನಿನ ಬೆಲೆಯೇರಿಕೆಗೆ. 2003ರಲ್ಲಿ ನೊಬೆಲ್ ಬಂತು. ನಿನ್ನ ಅಪ್ಪನ ಡೈರಿಯಲ್ಲಿ ಅದು ಇತ್ತು ನೋಡು! ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಆ ಮಾದರಿಯನ್ನು ಸಾಫ್ಟ್‌ವೇರಿನಲ್ಲಿ ಓಡಿಸಿದರೇ ಹೊರತು, ಅದು ಯಾವ ಪ್ರಶ್ನೆಗೆ ಉತ್ತರ ಅಂತ ಕೇಳಿಕೊಂಡಿರಲಿಲ್ಲ. ನೀನು ಪ್ರಶ್ನೆಯಿಂದ ಬಂದಿದ್ದಿ.

ಫೈನಾನ್ಸಾ ಎಕನಾಮಿಕ್ಸಾ ಅಂದರೆ, ಹೀಗೆ ನೋಡು. 1970ರ ಹೊತ್ತಿಗೆ ಅಡಿಕೆ ಬೆಲೆ ಯಾಕೆ ನೆಲ ಕಚ್ಚಿತು, ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಘ ಮಾಡಿದ ಮೇಲೆ ಏನು ಬದಲಾಯಿತು, ಇದು ಎಕನಾಮಿಕ್ಸ್. ನಾಳೆ ಬೆಲೆ ಎಷ್ಟು ಹಾರಬಹುದು, ಆ ಹಾರಾಟದ ಅಪಾಯವನ್ನು ಬೇರೆಯವರಿಗೆ ದಾಟಿಸಲು ಎಷ್ಟು ಕೊಡಬೇಕು, ಇದು ಕ್ವಾಂಟಿಟೇಟಿವ್ ಫೈನಾನ್ಸ್. ಆಪ್ಷನ್ನಿಗೆ, ಅಂದರೆ ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿಗೆ, ಬೆಲೆ ಕಟ್ಟುವ ಬ್ಲ್ಯಾಕ್-ಶೋಲ್ಸ್ ಸೂತ್ರ ಅಚ್ಚಾದದ್ದೂ 1973ರಲ್ಲೇ. ಕ್ಯಾಂಪ್ಕೊ ಮತ್ತು ಅದು ಒಂದೇ ಪ್ರಾಯದವು ಅಂತ ಹಾಸ್ಟೆಲಿನಲ್ಲಿ ಹೇಳಿದರೆ ಯಾರೂ ನಗಲಿಲ್ಲ ಮಾರಾಯ್ತಿ.

ಗಣಿತ ಹೇಗಿರುತ್ತದೆ ಅಂತ ಒಂದು ಸ್ಯಾಂಪಲ್. ಅಡಿಕೆ 400 ರೂಪಾಯಿ. ಶೇಕಡಾ 10 ಏರಿತು, 440. ಮರುವಾರ ಶೇಕಡಾ 10 ಇಳಿಯಿತು. ಎಷ್ಟಾಯಿತು? 400 ಅಲ್ಲ, 396. ಏರಿದ್ದೂ ಇಳಿದದ್ದೂ ಸಮ, ಆದರೂ 4 ರೂಪಾಯಿ ಕಾಣೆ. ನಾವು ಡಿಗ್ರಿಯಲ್ಲಿ ಕಲಿತ ಕ್ಯಾಲ್ಕುಲಸ್ಸಿನಲ್ಲಿ ಸಣ್ಣ ಬದಲಾವಣೆಯ ವರ್ಗವನ್ನು "ತೀರ ಸಣ್ಣದು" ಅಂತ ಬಿಸಾಡುತ್ತೇವೆ ಅಲ್ವಾ? ಅಡ್ಡಾದಿಡ್ಡಿ ಹಾರುವ ಬೆಲೆಯಲ್ಲಿ ಅದನ್ನು ಬಿಸಾಡಲಿಕ್ಕಾಗುವುದಿಲ್ಲ, ಕೂಡುತ್ತಾ ಕೂಡುತ್ತಾ ಉಳಿದುಬಿಡುತ್ತದೆ. ಆ 4 ರೂಪಾಯಿಯನ್ನು ಲೆಕ್ಕದಲ್ಲಿ ಹಿಡಿಯುವುದೇ ಇತೋ ಕ್ಯಾಲ್ಕುಲಸ್. ಇದು ಓದಿ ಖುಷಿಯಾದರೆ ಈ ಕೋರ್ಸು ನಿನಗೆ. ತಲೆನೋವಾದರೆ ಎಕನಾಮಿಕ್ಸ್ ಕಡೆ ವಾಲು.

ಕನ್ನಡ ಮಾಧ್ಯಮ ನನಗೆ ತೊಂದರೆ ಕೊಟ್ಟದ್ದು ಮೊದಲ ಎರಡು ತಿಂಗಳು, ಅದೂ ಮಾತಿನಲ್ಲಿ. ಬೆಳಿಗ್ಗೆ ಕ್ಲಾಸಿನಲ್ಲಿ ಡೆರಿವೇಟಿವ್ ಅಂದರೆ ಗಣಿತದ್ದು, ಬದಲಾವಣೆಯ ದರ; ಮಧ್ಯಾಹ್ನ ಅಂದರೆ ಮಾರುಕಟ್ಟೆಯದ್ದು, ಆಪ್ಷನ್ನಿನಂಥ ಕರಾರು. ಇಂಗ್ಲಿಷಿನಲ್ಲೇ ಬೆಳೆದವರಿಗೂ ಅಷ್ಟೇ ಗೊಂದಲ ಇತ್ತು.

ಊರ ದಾರಿಯೂ ಸುಲಭ. ಕಾಸರಗೋಡಿನಲ್ಲಿ ಮಧ್ಯಾಹ್ನ ಚೆನ್ನೈ ಮೇಲ್ ಹತ್ತಿದರೆ ಬೆಳಿಗ್ಗೆ ಚೆನ್ನೈ. ಅಮ್ಮ ಉಪ್ಪಿನಕಾಯಿ ಭರಣಿಯನ್ನೇ ಕಟ್ಟಿ ಕಳಿಸುತ್ತಿದ್ದರು. ಲಂಡನ್ನಿಗೆ ಅದು ಕಷ್ಟ.

ರಿಟೈರ್ಡ್ ಮ್ಯಾನೇಜರ್, ಮಂಜೇಶ್ವರ

ಮಗಳೇ, ಗಣಿತ ಅವರು ಹೇಳಿದರು. ನಾನು ಸಾಲದ್ದು ಮಾತ್ರ ಹೇಳುತ್ತೇನೆ. ಬ್ಯಾಂಕಿನಲ್ಲಿ ನಾನು ಮಾಡಿದ್ದೂ ಅದನ್ನೇ.

35 ಲಕ್ಷ, ಬಡ್ಡಿ ಶೇಕಡಾ 10.5 ಅಂತ ಇಟ್ಟುಕೊ, 10 ವರ್ಷ. ತಿಂಗಳ ಕಂತು ಸುಮಾರು 47,200 ರೂಪಾಯಿ. ಆದರೆ ಓದುವಾಗ ಮತ್ತು ಕೆಲಸ ಹುಡುಕುವಾಗ ಕಂತು ಇಲ್ಲದಿದ್ದರೂ ಬಡ್ಡಿ ಓಡುತ್ತಲೇ ಇರುತ್ತದೆ. ಎರಡು ವರ್ಷದ ಬರೀ ಸರಳ ಬಡ್ಡಿಯೇ 7.35 ಲಕ್ಷ. ಅದನ್ನು ಅಸಲಿಗೆ ಸೇರಿಸಿದರೆ ಕಂತು 57,000 ದಾಟುತ್ತದೆ. ಲಂಡನ್ನಿನಲ್ಲಿ ಕೆಲಸ ಸಿಕ್ಕಿದರೆ ಕಟ್ಟಬಹುದು. ಸಿಗದೆ ಊರಿಗೆ ಬಂದರೆ ನಮ್ಮ ದೇಶದ ಮೊದಲ ಸಂಬಳದಲ್ಲಿ ಅದು ಭಾರ. ಓದಿದ ಮೇಲೆ ಬ್ರಿಟನ್ನಿನಲ್ಲಿ ಉಳಿಯಲು ಕೊಡುತ್ತಿದ್ದ 2 ವರ್ಷವನ್ನೂ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಸಿದ್ದಾರೆ. ಅದನ್ನೂ ಲೆಕ್ಕಕ್ಕೆ ಹಿಡಿ.

ಇನ್ನೊಂದು. ದೊಡ್ಡ ಮೊತ್ತಕ್ಕೆ ಅಡವು ಕೇಳುತ್ತಾರೆ. ತೋಟ ಇದೆ ಅಂತ ಅಪ್ಪ ಧೈರ್ಯದಲ್ಲಿರಬಹುದು. ನನ್ನ ಅನುಭವದಲ್ಲಿ ಕೃಷಿ ಭೂಮಿಯನ್ನು ಶಿಕ್ಷಣ ಸಾಲಕ್ಕೆ ಅಡವಾಗಿ ತೆಗೆದುಕೊಳ್ಳಲು ಬ್ಯಾಂಕು ಹಿಂದೇಟು ಹಾಕುತ್ತದೆ, ಮನೆ ಜಾಗದ ಕಾಗದ ಕೇಳುತ್ತದೆ. ಆ ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ. ವೀಸಾಕ್ಕೆ ಓಡುವ ಮೊದಲು ಅವರನ್ನು ಕೂರಿಸಿಕೊಂಡು ಈ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸು.

ಕುಂಬಳೆಯವ, ಈಗ ಕೋಲ್ಕತಾ

ಮೇಲಿನ ಅಕ್ಕನ ಮಾತು ಒಂದನ್ನು ಬಿಟ್ಟು ಎಲ್ಲ ಒಪ್ಪುತ್ತೇನೆ. ಕೋರ್ಸಿನ ಹೆಸರಿನಲ್ಲಿ ಫೈನಾನ್ಸ್ ಇರಲೇಬೇಕು ಅಂತಿಲ್ಲ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಕ್ವಾಂಟಿಟೇಟಿವ್ ಎಕನಾಮಿಕ್ಸ್ ಮಾಸ್ಟರ್ಸ್ ನೋಡಿ, ಕೋಲ್ಕತಾ ಮತ್ತು ದೆಹಲಿಯಲ್ಲಿ ಇದೆ. ನಾನು ಓದುವಾಗ ಟ್ಯೂಷನ್ ಫೀಸು ಇರಲಿಲ್ಲ, ಮೇಲಿಂದ ಸ್ಟೈಪೆಂಡ್ ಬೇರೆ. ಪ್ರವೇಶ ಪರೀಕ್ಷೆ ಮಾತ್ರ ಕಠಿಣ. ಗಣಿತದ್ದು ಒಂದು ಪೇಪರು, ಎಕನಾಮಿಕ್ಸ್ ಇನ್ನೊಂದು. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ಅದಕ್ಕಿಂತ ದೊಡ್ಡ ಕೋಚಿಂಗ್ ಇಲ್ಲ. ಮುಂಬೈಯ ಗೋರೆಗಾಂವಿನಲ್ಲಿ ಐಜಿಐಡಿಆರ್ (ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ) ಕೂಡ ಉಂಟು, ರಿಸರ್ವ್ ಬ್ಯಾಂಕ್ 1987ರಲ್ಲಿ ಕಟ್ಟಿದ್ದು.

ಹೊರದೇಶವೇ ಬೇಕು ಅಂದರೆ ಜರ್ಮನಿ. ಬಾನ್ ವಿಶ್ವವಿದ್ಯಾಲಯ ಎಕನಾಮಿಕ್ಸ್‌ಗೆ ಹೆಸರುವಾಸಿ, ಟ್ಯೂಷನ್ ಫೀಸು ಇಲ್ಲ. ಇನ್ನೊಂದು ಮ್ಯಾನ್‌ಹೈಮ್ ವಿಶ್ವವಿದ್ಯಾಲಯ, ಅದು ಇರುವ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ. ವೀಸಾಕ್ಕೆ ಒಂದು ವರ್ಷದ ಖರ್ಚು 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು, ಆದರೆ ಅದು ನಿಮ್ಮದೇ ದುಡ್ಡು. ತಿಂಗಳು ತಿಂಗಳು ಊಟಕ್ಕೆ ವಾಪಸ್ ಬರುತ್ತದೆ.

ಪೆರ್ಲದವಳು

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಮ್ಯಾನೇಜರ್ ಮಾವ ಹೇಳಿದ ಹಾಗೆ ನಿನ್ನೆ ರಾತ್ರಿ ಊಟ ಆದ ಮೇಲೆ ಕಾಗದದಲ್ಲಿ ಬರೆದು ತೋರಿಸಿದೆ. ಅಪ್ಪ 57,000 ನೋಡಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಹಳೆ ಚಾಲಿ ಮೂರು ಕ್ವಿಂಟಾಲ್ ಅಟ್ಟದಲ್ಲಿ ಉಂಟು" ಅಂದರು. ಅಮ್ಮ ನಕ್ಕರು, ನನಗೆ ಅಳು ಬಂತು.

ಬ್ರಿಟನ್ನಿನವರಿಗೆ ಬೇಡ ಅಂತ ಬರೆಯುತ್ತಿದ್ದೇನೆ. ಕೋಲ್ಕತಾ ಮತ್ತು ಚೆನ್ನೈ ಎರಡಕ್ಕೂ ಪರೀಕ್ಷೆ ಬರೆಯುತ್ತೇನೆ. ಈ ವರ್ಷ ಸಿಗದಿದ್ದರೆ ಮುಂದಿನ ವರ್ಷ.

ಅಕ್ಕಾ, ಆರ್ಚ್ ಹಾಕಿ ನೋಡೋಣ ಅಂತ ಕೂತೆ. ಆದರೆ 2013ರ ಡೈರಿಯಲ್ಲಿ ಹನ್ನೊಂದು ವಾರದ ಪುಟ ಇಲಿ ತಿಂದಿದೆ. ಹಿಂದಿನ ಮುಂದಿನ ವಾರದ ಸರಾಸರಿ ತುಂಬಿಸಬಹುದಾ?

ಅಟ್ಟದ ಅಡಿಕೆ

ಬೇಡ ಬೇಡ. ಸರಾಸರಿ ತುಂಬಿಸಿದರೆ ಆ ಹನ್ನೊಂದು ವಾರ ಬೆಲೆ ಅಲುಗಾಡಲೇ ಇಲ್ಲ ಅಂತ ಆಗುತ್ತದೆ, ನೀನು ಅಳೆಯಲು ಹೊರಟದ್ದೇ ಅಲುಗಾಟ. ಪೇಪರಿನಲ್ಲಿ ಧಾರಣೆ ಬರುತ್ತಿತ್ತಲ್ಲ, ಊರ ಲೈಬ್ರರಿಯಲ್ಲಿ ಹಳೆ ಕಟ್ಟು ಇದ್ದರೆ ಹುಡುಕು. ಇಲ್ಲದಿದ್ದರೆ ಅಲ್ಲಿಗೆ ಸರಣಿಯನ್ನು ಎರಡು ತುಂಡು ಮಾಡು. ಹೊಸ ಚಾಲಿಯ ಕಾಲಮ್ಮು ಮಾತ್ರ ನನಗೂ ಕಳಿಸು, ಭಾನುವಾರ ಕೂತು ನೋಡುತ್ತೇನೆ.