ಸಹಾಯ ಬೇಕು: ವಿಳಾಸವೇ ಇಲ್ಲದ ತಾಯಿ, ಮಗುವಿನ ತಪ್ಪಿಹೋಗುತ್ತಿರುವ ಚೆಕಪ್

ಎಲ್ಲರಿಗೂ ನಮಸ್ಕಾರ. ನಾನು ನಿರಾಶ್ರಿತರ ತಂಗುದಾಣವೊಂದರಲ್ಲಿ ಸ್ವಯಂಸೇವಕಿ. ಇಲ್ಲಿರುವ ಒಬ್ಬ ತಾಯಿಗೆ 30 ವಾರಕ್ಕೇ ಹೆರಿಗೆಯಾಯ್ತು. ಹುಟ್ಟಿದಾಗ ಮಗು 1,300 ಗ್ರಾಂ. ಅಷ್ಟು ಪುಟ್ಟ ಕೈ, ನನ್ನ ಬೆರಳಿನ ಒಂದು ಗೆಣ್ಣನ್ನೂ ಪೂರ್ತಿ ಸುತ್ತುವುದಿಲ್ಲ.

ಆಸ್ಪತ್ರೆಯಲ್ಲಿ ಮೊದಲ ಕಣ್ಣಿನ ಪರೀಕ್ಷೆ ಮಾಡಿ, ರೆಟಿನಾದ (ಕಣ್ಣಿನ ಒಳಪರದೆಯ) ರಕ್ತನಾಳಗಳು ಇನ್ನೂ ಪೂರ್ತಿ ಬೆಳೆದಿಲ್ಲ, ಎರಡು ವಾರ ಬಿಟ್ಟು ಬನ್ನಿ ಅಂದಿದ್ದರು. ಅಷ್ಟರಲ್ಲಿ ತಾಯಿಯ ಫೋನ್ ಕಳವಾಯ್ತು. ಫೈಲ್ ಮಳೆಯಲ್ಲಿ ನೆನೆದು ತಾರೀಖು ಇದ್ದ ಜಾಗದಲ್ಲಿ ಬರೀ ನೀಲಿ ಕಲೆ ಉಳಿದಿದೆ. ಚೆಕಪ್ ತಪ್ಪಿತು. ಇದು ತಾಯಿಯ ಅಸಡ್ಡೆ ಅಲ್ಲ, ದಯವಿಟ್ಟು ಹಾಗೆ ಅನ್ನಬೇಡಿ. ಮಗುವನ್ನು ಇಡೀ ದಿನ ಎದೆಗೆ ಅಪ್ಪಿಕೊಂಡೇ ಇರುತ್ತಾರೆ.

ನಾಳೆ ಬೆಳಿಗ್ಗೆಯೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ರೆಟಿನಾ ತೊಂದರೆ ಹೊರಗೆ ಕಾಣುವುದಿಲ್ಲ, ತಡವಾದರೆ ದೃಷ್ಟಿಯೇ ಹೋಗಬಹುದು.

ನನ್ನ ಚಿಂತೆ ಮುಂದಿನದು. ಕಿವಿ ಪರೀಕ್ಷೆ, ತೂಕ, ಲಸಿಕೆ, ಬೆಳವಣಿಗೆ ನೋಡುವುದು ವರ್ಷಗಟ್ಟಲೆ ನಡೆಯಬೇಕು. ಇವರು ಇಲ್ಲೇ ಇರುತ್ತಾರೆಂಬ ಖಾತ್ರಿ ಇಲ್ಲ. ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ನರ್ಸ್‌ಗಳು, ಸಮಾಜ ಕಾರ್ಯಕರ್ತರು ಇದ್ದರೆ ಹೇಳಿ: ದಾಖಲೆ ಎಲ್ಲಿ ಇಡಿಸುತ್ತೀರಿ? ಫೋನ್ ಇಲ್ಲದವರಿಗೆ ತಾರೀಖು ನೆನಪಿಸುವುದು ಹೇಗೆ? ಎಲ್ಲ ಪರೀಕ್ಷೆ ಒಂದೇ ದಿನ ಮಾಡಿಸಲು ಯಾರನ್ನು ಕೇಳಬೇಕು?