ಅಪ್‌ಡೇಟ್: ಈ ಸಲ ಸೌತೆಕಾಯಿ ಮೆತ್ತಗಾಗಲಿಲ್ಲ

ವಿನೆಗರ್‌ನಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟ ಸೌತೆಕಾಯಿ ಮೂರೇ ದಿನಕ್ಕೆ ಮೆತ್ತಗಾಯಿತು, ನೀರೂ ಮಬ್ಬಾಯಿತು, ಯಾಕೆ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕಾಯಿಯನ್ನು ಮೆತ್ತಗೆ ಮಾಡುವ ಕಿಣ್ವ ಹೂವಿನ ಕಡೆಯ ತುದಿಯಲ್ಲಿರುತ್ತದೆ ಅಂದಿರಲ್ವಾ, ಆ ತುದಿ ಕತ್ತರಿಸಿ ತೆಗೆದೆ. ಪುಡಿ ಉಪ್ಪು ಗಂಟಾಗದಿರಲಿ ಅಂತ ಬೆರೆಸುವ ವಸ್ತುವಿನಿಂದ ನೀರು ಮಬ್ಬಾಗುತ್ತದೆ. ಅದಕ್ಕೇ ಕಲ್ಲುಪ್ಪು ಕರಗಿಸಿ ಸೋಸಿದೆ.

ಆಮ್ಲತೆ 5% ಇರುವ ವಿನೆಗರ್ 1 ಕಪ್, ನೀರು 1 ಕಪ್, ಉಪ್ಪು 1 ಚಮಚ, ಸಕ್ಕರೆ 2 ಚಮಚ. ಕುದಿಸಿ, ಗಾಜಿನ ಬಾಟಲಿಗೆ ತುಂಬಿದ ಸೌತೆ, ಕ್ಯಾರೆಟ್, ಈರುಳ್ಳಿ ಮೇಲೆ ಸುರಿದೆ. ಜೊತೆಗೆ ನಮ್ಮ ಚಿಕ್ಕಮಗಳೂರಿನ ಕಾಳುಮೆಣಸು. ಘಮ ಬೇರೆಯೇ! ಬೆಳ್ಳುಳ್ಳಿ ಮಾತ್ರ ನೀಲಿಯಾಗಿ ಹೆದರಿಸಿತು. ಹುಳಿಗೆ ಹಾಗಾಗುತ್ತದೆ ಅಷ್ಟೆ, ತಿನ್ನಬಹುದು.

ಅತ್ತೆ ಮಾವಿನ ಮಿಡಿ ಉಪ್ಪಿನಕಾಯಿ ಹಾಗೆ ಇದನ್ನೂ ಹೊರಗೇ ಇಡು ಅಂದರು. ಇದರಲ್ಲಿ ಅಷ್ಟು ಉಪ್ಪಿಲ್ಲ, ಫ್ರಿಜ್ಜೇ ಬೇಕು, ಎರಡು ವಾರದೊಳಗೆ ಮುಗಿಸಬೇಕು ಅಂತ ಹೇಳಿದೆ. ನಿನ್ನೆ ಅಕ್ಕಿ ರೊಟ್ಟಿ ಜೊತೆ ಅವರೇ ಎರಡು ಸಲ ಹಾಕಿಸಿಕೊಂಡರು. ಬಾಟಲಿ ಅರ್ಧ ಖಾಲಿ. ಮುಂದಿನ ಸಲ ಮೂಲಂಗಿ ಹಾಕುತ್ತೇನೆ.